ಬಹುವಚನದ ಅತ್ತೆ

ನನ್ನ ಸೋದರತ್ತೆ ಮನುಷ್ಯರನ್ನೆಲ್ಲ ಏಕವಚನದಲ್ಲಿಯೂ ಪ್ರಾಣಿಪಕ್ಷಿಗಳನ್ನೆಲ್ಲ ಬಹುವಚನದಲ್ಲಿಯೂ ಮಾತನಾಡಿಸುತ್ತಾರೆ. ಇದು ತಮಾಷೆಗೆ ಮಾಡುವುದಲ್ಲ, ಬೇಕೆಂದು ಮಾಡುವುದೂ ಅಲ್ಲ. ಅವರ ನಾಲಿಗೆ ಹೊರಳುವುದೇ ಹಾಗೆ. ವೃತ್ತಿಯಿಂದ ದಂತವೈದ್ಯೆ. ಅವರ ಕುರ್ಚಿಯಲ್ಲಿ ಒರಗಿ ಕೂತವರು ನ್ಯಾಯಾಧೀಶರಿರಲಿ, ಕಾಲೇಜಿನ ಪ್ರಾಂಶುಪಾಲರಿರಲಿ, ಪಕ್ಕದ ಬೀದಿಯ ಕ್ಷೌರಿಕನಿರಲಿ, ಎಲ್ಲರಿಗೂ ಸಲ್ಲುವುದು ಒಂದೇ ಮಾತು: “ಬಾಯಿ ತೆಗಿಯೋ. ಇನ್ನೂ ದೊಡ್ಡದಾಗಿ. ಅಳ್ಬೇಡ.” ಕಿಟಕಿಯ ಕಟ್ಟೆಯ ಮೇಲೆ ಒಂದು ಅಳಿಲು ಬಂದು ಕೂತರೆ ಅದೇ ದನಿ ಮರುಕ್ಷಣದಲ್ಲಿ ಬೆಣ್ಣೆಯಾಗಿ, “ಬಂದ್ರಾ? ಬನ್ನಿ ಬನ್ನಿ, ನಿಮ್ಮನೆ ಅಂತಲೇ ತಿಳ್ಕೊಳ್ಳಿ” ಎನ್ನುತ್ತದೆ. ನಾನು ಶಾಲೆಯಲ್ಲಿ ವ್ಯಾಕರಣ ಕಲಿಸುವವನು. ನಾಯಿ ಬಂದಿತು, ಹಕ್ಕಿ ಹಾರಿತು ಎಂದು ಮಕ್ಕಳಿಗೆ ಹೇಳಿ ಹೇಳಿ ಗಂಟಲು ಸವೆಸಿಕೊಂಡವನಿಗೆ, ಸ್ವಂತ ರಕ್ತಸಂಬಂಧಿಯೊಬ್ಬರು ನಪುಂಸಕಲಿಂಗವೆಂಬುದೊಂದು ಈ ಲೋಕದಲ್ಲಿ ಇಲ್ಲವೇ ಇಲ್ಲವೆಂಬಂತೆ ಬದುಕುತ್ತಿರುವುದು ಹಲ್ಲಿನ ಸಂದಿಯಲ್ಲಿ ಸಿಕ್ಕ ನಾರಿನಂತೆ ಬಹಳ ಕಾಲ ಕಿರಿಕಿರಿ ಮಾಡಿತು. ಒಮ್ಮೆ ಕೇಳಿಯೇಬಿಟ್ಟೆ. “ಮನುಷ್ಯರ ಬಾಯೊಳಗೆ ಇಷ್ಟು ವರ್ಷ ಇಣುಕಿ ನೋಡಿದೀನಿ ಕಣೋ,” ಎಂದರು, “ಬಹುವಚನ ಕೊಡೋವಂಥದ್ದು ಅಲ್ಲೇನೂ ಸಿಗ್ಲಿಲ್ಲ.”

ಅತ್ತೆ ಕುಳ್ಳಗೆ, ದುಂಡಗೆ ಇದ್ದಾರೆ. ನಡಿಗೆಯೋ, ಹೊರಟುನಿಂತ ಬಸ್ಸನ್ನು ಹಿಡಿಯಲು ಓಡುವವರದು. ತಲೆ ಮುಂದೆ, ಕಾಲು ಹಿಂದೆ. ಹೀಗೆ ಧಾವಿಸುತ್ತಿರುವಾಗಲೇ ಎಲ್ಲಿಯೋ ಒಂದು ಎಲೆ ಅಲುಗಿದರೆ ಸಾಕು, ಗಕ್ಕನೆ ನಿಂತುಬಿಡುತ್ತಾರೆ; ಹಿಂದೆ ಬರುತ್ತಿದ್ದವರು ಡಿಕ್ಕಿ ಹೊಡೆದು, ಕ್ಷಮೆ ಕೇಳಬೇಕಾದವರು ತಾವೋ ಅವರೋ ತಿಳಿಯದೆ ತಬ್ಬಿಬ್ಬಾಗುತ್ತಾರೆ. ಚಳಿಯಿರಲಿ, ಬಿಸಿಲಿರಲಿ, ಮೈಮೇಲೆ ಪಾಚಿಬಣ್ಣದ ಒಂದು ಕೋಟು. ಅಂದಕ್ಕಾಗಿ ಅದನ್ನು ಯಾರೂ ಕೊಳ್ಳಲಾರರು. ಅತ್ತೆ ಕೊಂಡದ್ದು ಜೇಬುಗಳಿಗಾಗಿ. ಒಂದರಲ್ಲಿ ದುರ್ಬೀನು, ಒಂದರಲ್ಲಿ ಟಾರ್ಚು, ಎದೆಯ ಜೇಬಿನಲ್ಲಿ ಪೆನ್ನು ಇರಬೇಕಾದ ಜಾಗದಲ್ಲಿ ಹಲ್ಲಿನ ಹಿಂಬದಿ ನೋಡುವ, ಉದ್ದ ಹಿಡಿಯ ಪುಟ್ಟ ಗುಂಡುಗನ್ನಡಿ. ಆ ಕನ್ನಡಿಯನ್ನು ಮರದ ಪೊಟರೆಯೊಳಗೆ ತೂರಿಸಿ, ಅದರ ಮೇಲೆ ಬೆಳಕು ಬಿಟ್ಟು, ದವಡೆಯ ಕಟ್ಟಕಡೆಯ ಹಲ್ಲನ್ನು ಪರೀಕ್ಷಿಸುವ ಗಾಂಭೀರ್ಯದಿಂದಲೇ ಗೂಬೆಯ ಮರಿಗಳನ್ನು ನೋಡುತ್ತಾರೆ. ನನಗೂ ಒಮ್ಮೆ ತೋರಿಸಿದರು. ಆ ಚೂರು ಗಾಜಿನಲ್ಲಿ ಮೊದಲು ಬರೀ ಕತ್ತಲು, ಆಮೇಲೆ ಬೂದುಬಣ್ಣದ ತುಪ್ಪಳ, ಆಮೇಲೆ ಇದ್ದಕ್ಕಿದ್ದಂತೆ ಹಳದಿಯ ಎರಡು ಕಣ್ಣುಗಳು, ನನ್ನನ್ನೇ ದುರುಗುಟ್ಟಿಕೊಂಡು. ಜೋರಾಗಿ ಉಸಿರೆಳೆದುಕೊಂಡೆ. “ಮೆಲ್ಲಗೆ ಉಸಿರಾಡೋ, ಅವರಿಗಿದು ಮಲಗೋ ಹೊತ್ತು” ಎಂದು ಅತ್ತೆ ನನ್ನ ಬೆನ್ನಿಗೊಂದು ಗುದ್ದಿದರು.

ಅವರ ಕ್ಲಿನಿಕ್ಕು ನಗರದ ನಟ್ಟನಡುವಿನ ದೊಡ್ಡ ಉದ್ಯಾನಕ್ಕೆ ಎದುರಾಗಿ, ಒಂದು ಹಳೆಯ ಕಟ್ಟಡದ ಮೇಲಂತಸ್ತಿನಲ್ಲಿದೆ. ಕೆಳಗೆ ವಾಹನಗಳ ಅವಿಚ್ಛಿನ್ನ ಪ್ರವಾಹ. ಅದರಾಚೆ ಕಬ್ಬಿಣದ ಬೇಲಿ. ಬೇಲಿಯಾಚೆ ಮರ, ಹುಲ್ಲು, ಕೊಳ. ಹಲ್ಲಿನ ಕುರ್ಚಿಯನ್ನು ಅವರು ಕಿಟಕಿಯ ಕಡೆಗೆ ತಿರುಗಿಸಿ ಹಾಕಿಸಿದ್ದಾರೆ. ಒಂದು ದಿನ ನನ್ನ ಹುಳುಕು ಹಲ್ಲನ್ನು ಕೊರೆಯುತ್ತಿದ್ದ ಯಂತ್ರ ನಡುವೆಯೇ ನಿಂತಿತು. “ಬಂದ್ರು” ಎಂದರು ಅತ್ತೆ, ಪಿಸುದನಿಯಲ್ಲಿ. ಬಾಯಿ ತುಂಬ ಹತ್ತಿ, ಗದ್ದದ ಮೇಲೆ ಜೊಲ್ಲು, ಆ ಅವಸ್ಥೆಯಲ್ಲೇ ನನ್ನನ್ನು ರಟ್ಟೆ ಹಿಡಿದೆಬ್ಬಿಸಿ ಕಿಟಕಿಗೆ ಎಳೆದೊಯ್ದರು. ಎದುರಿನ ದೀಪದ ಕಂಬದ ಮೇಲೆ ಒಂದು ಗಿಡುಗ ಕೂತಿತ್ತು, ಕೈಗೆಟುಕುವಷ್ಟು ಹತ್ತಿರ, ಉಗುರಿನಡಿಯಲ್ಲಿ ಪಾರಿವಾಳ. ಕೆಳಗೆ ಬಸ್ಸುಗಳು ಹಾರನ್ ಹೊಡೆಯುತ್ತಿದ್ದವು, ಜನ ಫೋನಿನಲ್ಲಿ ಮಾತಾಡುತ್ತ ಹೋಗುತ್ತಿದ್ದರು, ಅವರ ತಲೆಯ ಮೇಲೆ ಪುಕ್ಕಗಳು ಒಂದೊಂದಾಗಿ ಇಳಿಯುತ್ತಿದ್ದವು, ಒಬ್ಬನಾದರೂ ಕತ್ತೆತ್ತಿ ನೋಡಲಿಲ್ಲ. ಗಿಡುಗ ಒಮ್ಮೆ ತಲೆಯೆತ್ತಿ ನಮ್ಮನ್ನು ನೋಡಿತು. ಆ ನೋಟ ನನ್ನ ಬೆನ್ನುಹುರಿಯ ತುದಿಯವರೆಗೆ ಇಳಿದದ್ದು ಈಗಲೂ ನೆನಪಿದೆ. ಹಲ್ಲುನೋವು ಮಾತ್ರ ಆ ಹೊತ್ತಿನಲ್ಲಿ ಎಲ್ಲಿತ್ತೋ ನೆನಪಿಲ್ಲ.

ಇಷ್ಟು ಹೇಳಿದ ಮೇಲೆ ಇನ್ನೊಂದನ್ನೂ ಹೇಳಬೇಕು. ಅತ್ತೆ ಮಹಾ ತಪ್ಪುಗಾರ್ತಿ. ಅವರು ಕಂಡ ಹದ್ದು ಕೊಂಬೆಗೆ ಸಿಕ್ಕಿಕೊಂಡ ಗಾಳಿಪಟವಾಗಿರುತ್ತದೆ. ಅವರು ಕಂಡ ಗೂಬೆ ಯಾರೋ ಬೇಲಿಯ ಮೇಲೆ ಮರೆತುಹೋದ ಉಣ್ಣೆಯ ಟೋಪಿಯಾಗಿರುತ್ತದೆ. ಒಮ್ಮೆ ಹೆಬ್ಬಾವೆಂದು ಇಡೀ ಉದ್ಯಾನವನ್ನೇ ಎಬ್ಬಿಸಿ ಕರೆತಂದು ತೋರಿಸಿದ್ದು ಗಿಡಗಳಿಗೆ ನೀರು ಬಿಡುವ ಪೈಪು. ಬೆಳಗಿನ ಹೊತ್ತು ಉದ್ದುದ್ದ ಮಸೂರದ ಕ್ಯಾಮೆರಾ ಹೊತ್ತು ಬರುವ ಗುಂಪೊಂದಿದೆ. ಹಕ್ಕಿಗಳ ಹೆಸರು, ಹೆಸರಿನ ಹಿಂದುಮುಂದು ಎಲ್ಲ ಬಲ್ಲವರು. ಅವರಿಗೆ ಅತ್ತೆ ಒಂದು ಪುಕ್ಕಟೆ ವಿನೋದ. “ಬಹುವಚನ ಡಾಕ್ಟ್ರು ಬಂದ್ರು, ಇವತ್ತು ಏನು, ಸಿಂಹವಾ?” ಎಂದು ಅತ್ತೆಗೆ ಕೇಳಿಸುವಂತೆಯೇ ಆಡಿಕೊಳ್ಳುತ್ತಾರೆ. ನನಗೆ ಮೈಯೆಲ್ಲ ಉರಿಯುತ್ತದೆ. ಅತ್ತೆಗೆ ಏನೂ ಇಲ್ಲ. “ಇಲ್ದೇ ಇರೋರಿಗೆ ನಮಸ್ಕಾರ ಮಾಡಿದ್ರೆ ನಮ್ಮ ಗಂಟೇನು ಹೋಗುತ್ತೆ? ಇರೋರನ್ನ ನೋಡ್ದೇ ಹೋದ್ರೆ ಅಲ್ವಾ ಅವಮಾನ” ಎಂದು ದುರ್ಬೀನನ್ನು ಕೋಟಿನ ತುದಿಯಿಂದ ಒರೆಸಿಕೊಂಡು ಮುಂದೆ ಹೋಗುತ್ತಾರೆ.

ನಾನು ಅವರ ಹಿಂದೆ ಬಿದ್ದದ್ದು ಒಂದು ಸಂಶಯದ ದೆಸೆಯಿಂದ. ಅತ್ತೆಯ ಮಗಳು ಒಂದು ಸಂಜೆ ಫೋನು ಮಾಡಿದಳು. “ಭಾವ, ಅಮ್ಮ ಬೆಳಿಗ್ಗೆ ಬೆಳಿಗ್ಗೆ ಪಾರ್ಕಲ್ಲಿ ಯಾರನ್ನೋ ಭೇಟಿ ಮಾಡ್ತಿದಾಳೆ. ‘ಈಗೀಗ ಅವರು ನನ್ನನ್ನ ಕಂಡ್ರೆ ನಿಂತ್ಕೋತಾರೆ, ಕಣ್ಣು ಎಷ್ಟು ಚೆನ್ನಾಗಿದೆ ಗೊತ್ತಾ’ ಅಂತ ಊಟ ಮಾಡ್ತಾ ತಾನೇ ಹೇಳಿದ್ಲು.” ಅತ್ತೆಯ ಭಾಷೆ ನಿನಗೆ ಗೊತ್ತಿಲ್ಲವೇ, ಯಾವುದೋ ಹಕ್ಕಿಯಿರಬೇಕು ಎಂದೆ. “ಅಮ್ಮನ ಬಹುವಚನ ನಂಗೆ ಗೊತ್ತಿಲ್ವಾ? ಆದ್ರೆ ಹಕ್ಕಿ ನೋಡೋಕ್ಕೆ ಯಾರಾದ್ರೂ ಕನ್ನಡಿ ಮುಂದೆ ನಿಂತು ತಲೆ ಬಾಚ್ಕೋತಾರಾ ಭಾವ?” ಇದು ಯೋಚಿಸಬೇಕಾದ ವಿಷಯವೇ ಆಗಿತ್ತು. ಮಾವ ತೀರಿಕೊಂಡು ವರ್ಷಗಳಾಗಿವೆ. ಅತ್ತೆಗೊಬ್ಬ ಸ್ನೇಹಿತ ಸಿಕ್ಕಿದ್ದರೆ ನನಗೆ ಸಂತೋಷವೇ. ಆದರೆ ಕುತೂಹಲ ಸುಮ್ಮನಿರಬೇಕಲ್ಲ. ಮರುದಿನ ಹೊತ್ತು ಮೂಡುವ ಮೊದಲೇ ಹೋಗಿ ಪೊದೆಯ ಮರೆಯಲ್ಲಿ ನಿಂತೆ. ತಲೆ ಬಾಚಿ, ಕೋಟಿನ ಗುಂಡಿ ಹಾಕಿಕೊಂಡ ಅತ್ತೆ ಕಲ್ಲುಬೆಂಚಿನ ಮೇಲೆ ಕೈಮೇಲೆ ಕೈಯಿಟ್ಟು ಕೂತಿದ್ದರು. ಮಂಜಿನಿಂದ ಒಂದು ನರಿ ಬಂತು. ಕೆಂಚುಬಣ್ಣ, ಬಿಳಿಯ ಎದೆ, ಹೊಗೆಯಂತೆ ಹಗುರವಾದ ಬಾಲ. ಹುಲ್ಲಿನ ನಡುವೆ ನಿಂತು, ಒಂದು ಮುಂಗಾಲನ್ನು ಎತ್ತಿದ್ದು ಎತ್ತಿದಂತೆಯೇ ಹಿಡಿದುಕೊಂಡು, ಅತ್ತೆಯನ್ನು ನೋಡಿತು. ಅದರಾಚೆ ಗಾಜಿನ ಗೋಪುರಗಳಲ್ಲಿ ಇನ್ನೂ ದೀಪಗಳು ಉರಿಯುತ್ತಿದ್ದವು. ಅಷ್ಟು ಜನರಿರುವ ಊರಿನಲ್ಲಿ ಈ ಕಾಡುಜೀವ ನಮ್ಮಿಬ್ಬರ ಎದುರು ಉಸಿರಾಡುತ್ತ ನಿಂತಿದೆ ಎಂಬುದೇ ನನ್ನನ್ನು ಕುಣಿಯುವಂತೆ ಮಾಡಿತು, ಕಾಲಡಿಯಲ್ಲಿ ಒಂದು ಒಣಕಡ್ಡಿ ಮುರಿಯಿತು, ನರಿ ಮಾಯವಾಯಿತು. ಅತ್ತೆ ತಿರುಗಿದರು. “ಕತ್ತೆ” ಎಂದರು. ಆಮೇಲೆ ತಲೆ ಬಾಚಿದ್ದಕ್ಕೆ ಕಾರಣವನ್ನೂ ಹೇಳಿದರು: “ಕೆದರಿದ ತಲೆ ಕಂಡ್ರೆ ಅವರು ಹತ್ರ ಬರಲ್ಲ.” ಅಂದಿನಿಂದ ನಾನೂ ತಲೆ ಬಾಚಿಕೊಂಡು ಅವರ ಜೊತೆ ಹೋಗತೊಡಗಿದೆ.

ಹೀಗೆ ಹೋಗುತ್ತಿರುವಾಗ ಕೊಳದ ಪ್ರಕರಣ ನಡೆಯಿತು. ಉದ್ಯಾನದ ಕೊಳದ ಪಶ್ಚಿಮದ ದಡದಲ್ಲಿ ಆಳೆತ್ತರ ಜೊಂಡು ಬೆಳೆದಿದೆ. ಒಂದು ಬೆಳಿಗ್ಗೆ ಅತ್ತೆ ನನಗಿಂತ ಮೊದಲೇ ಹೋಗಿದ್ದವರು ಎದುರಿಗೆ ಓಡಿ ಬಂದು ನನ್ನ ಎರಡೂ ಕೈಗಳನ್ನು ಹಿಡಿದುಕೊಂಡರು. “ನೀರುನಾಯಿಯವರು ಕಣೋ. ತಾಯಿ. ಇಬ್ಬರು ಮಕ್ಕಳು. ಜೊಂಡಿನ ಬುಡದಲ್ಲಿ ಮನೆ ಮಾಡ್ಕೊಂಡಿದಾರೆ.” ನಗರದ ನದಿಯಲ್ಲಿ ನೀರುನಾಯಿ ಕಾಣಿಸಿಕೊಳ್ಳುತ್ತಿದೆ ಎಂಬ ಸುದ್ದಿ ನಾನೂ ಕೇಳಿದ್ದೆ, ಆದರೆ ಈ ಕೊಳದಲ್ಲಿ ಯಾರೂ ಕಂಡಿರಲಿಲ್ಲ. ಕ್ಯಾಮೆರಾ ಗುಂಪು ಹೊಟ್ಟೆ ಹಿಡಿದುಕೊಂಡು ನಕ್ಕಿತು. ದೊಡ್ಡ ಇಲಿಯಿರಬೇಕು ಎಂದರು. ನಗುವುದರಲ್ಲೇ ಮುಗಿದಿದ್ದರೆ ಚಿಂತೆಯಿರಲಿಲ್ಲ. ಅದೇ ವಾರದ ಕೊನೆಗೆ ಕೊಳದ ನೀರನ್ನೆಲ್ಲ ಪಂಪಿನಿಂದ ಹೊರಹಾಕಿ, ಯಂತ್ರ ಇಳಿಸಿ, ಜೊಂಡಿನ ದಡವನ್ನೂ ಸೇರಿಸಿ ಹೂಳು ಎತ್ತುವುದೆಂದು ನಿಶ್ಚಯವಾಗಿತ್ತು. ಯಂತ್ರದ ಹಲ್ಲು ಆ ದಡಕ್ಕೆ ತಗುಲಿದರೆ ಬಿಲದಲ್ಲಿರುವ ಮರಿಗಳ ಗತಿ ಏನೆಂದು ಹೇಳಬೇಕಾಗಿಲ್ಲ.

ಉದ್ಯಾನದ ಮೇಲ್ವಿಚಾರಕರ ಕೋಣೆಗೆ ಹೋದೆವು. ಕೆಟ್ಟ ಮನುಷ್ಯನಲ್ಲ. ಕೊಳ ನಾರುತ್ತಿದೆ, ಸುತ್ತಲಿನ ಮನೆಯವರು ಅವರ ಜೀವ ಹಿಂಡುತ್ತಿದ್ದಾರೆ, ಈ ಕೆಲಸಕ್ಕೆ ಒಪ್ಪಿಗೆ ಪಡೆಯಲು ಅವರು ವರ್ಷಗಟ್ಟಲೆ ಅಲೆದಿದ್ದಾರೆ. “ಲೋ, ಒಂದು ತಿಂಗಳು ತಡಿಯೋ” ಎಂದರು ಅತ್ತೆ. ಮೇಲ್ವಿಚಾರಕರು ಕನ್ನಡಕ ತೆಗೆದಿಟ್ಟು, “ಡಾಕ್ಟ್ರೇ, ನಿಮ್ಮ ಹೆಬ್ಬಾವು ನೋಡೋಕ್ಕೆ ನಾನು ಅರ್ಧ ಊಟ ಬಿಟ್ಟು ಓಡಿ ಬಂದಿದ್ದೆ, ಜ್ಞಾಪಕ ಇದೆಯಾ? ಇನ್ನೊಬ್ಬರು, ಒಬ್ಬರೇ ಒಬ್ಬರು, ಕಣ್ಣಾರೆ ನೋಡಿದೀನಿ ಅಂತ ಹೇಳ್ಲಿ, ಕೆಲಸ ಮುಂದಕ್ಕೆ ಹಾಕ್ತೀನಿ” ಎಂದರು. ಅದು ನ್ಯಾಯವಾದ ಮಾತೇ ಆಗಿತ್ತು. ಆ ಒಬ್ಬ ನಾನೇ ಆಗಬೇಕಿತ್ತು. ಉಳಿದ ಬೆಳಗುಗಳಲ್ಲೆಲ್ಲ ಒದ್ದೆ ಹುಲ್ಲಿನ ಮೇಲೆ ಬೋರಲಾಗಿ ಮಲಗಿ ಜೊಂಡನ್ನೇ ನೋಡಿದೆ. ನೀರಿನ ಮೇಲೆ ಗುಳ್ಳೆಗಳು ಸಾಲಾಗಿ ಹೋಗುವುದನ್ನು ಕಂಡೆ. ಕಲ್ಲಿನ ಮೇಲೆ ಮೀನಿನ ಹುರುಪೆ ಕಂಡೆ. ಒಮ್ಮೆ ಜೊಂಡಿನೊಳಗಿಂದ ತೆಳ್ಳನೆಯ ಸಿಳ್ಳೊಂದನ್ನು ಕೇಳಿ ರೋಮಾಂಚನಗೊಂಡೆ. ನೀರುನಾಯಿಯನ್ನು ಮಾತ್ರ ಕಾಣಲಿಲ್ಲ. ಕೊನೆಯ ದಿನ, “ಇಷ್ಟು ಗುರುತು ಸಾಲದೇ ಅತ್ತೆ? ನೋಡಿದೆ ಅಂತ ಹೇಳಿಬಿಡ್ತೀನಿ” ಎಂದೆ. ಅತ್ತೆ ನನ್ನನ್ನು ನೋಡಿದ ರೀತಿಗೆ ಕುಗ್ಗಿಹೋದೆ. “ನಾನು ತಪ್ಪು ಹೇಳಿದೀನಿ. ಎಷ್ಟೋ ಸಲ ಹೇಳಿದೀನಿ. ಸುಳ್ಳು ಹೇಳಿಲ್ಲ. ನಿನ್ನ ಬಾಯಲ್ಲೂ ಹೇಳ್ಸಲ್ಲ” ಎಂದರು.

ಕೆಲಸದ ದಿನ ನಾವು ಹೋಗುವಷ್ಟರಲ್ಲಿ ಪೈಪುಗಳು ನೀರಿಗಿಳಿದಿದ್ದವು, ಪಂಪು ಗುಡುಗುಡು ಎನ್ನುತ್ತಿತ್ತು, ಮಣ್ಣು ಬಗೆಯುವ ಹಳದಿಯ ಯಂತ್ರ ದಡದಲ್ಲಿ ಕಾದಿತ್ತು. ನಾನು ಪಂಪಿನವರ ಹತ್ತಿರ ಹೋಗಿ ಬೇಡಿಕೊಳ್ಳುತ್ತಿದ್ದೆ. ಮೇಲಿನವರು ಹೇಳದೆ ನಾವು ನಿಲ್ಲಿಸುವ ಹಾಗಿಲ್ಲ ಎಂದು ಅವರು ತಲೆಯಲ್ಲಾಡಿಸುತ್ತಿದ್ದರು. ಅತ್ತ ಅತ್ತೆ ಮರದ ಕೆಳಗೆ ನಿಂತು ಯಾರಿಗೋ ಫೋನು ಮಾಡುತ್ತಿದ್ದರು. ಸ್ವಲ್ಪ ಹೊತ್ತಿಗೆಲ್ಲ ಉದ್ಯಾನದ ದೊಡ್ಡ ಬಾಗಿಲಿನಿಂದ ಸೈರನ್ ಮೊಳಗಿಸುತ್ತ ರಕ್ಷಣಾ ದಳದ ಕೆಂಪು ವಾಹನ ಬಂತು, ಹಿಂದೆಯೇ ಆಂಬುಲೆನ್ಸು, ಅದರ ಹಿಂದೆ ಬೆಳಗಿನ ವಾಯುವಿಹಾರಿಗಳೆಲ್ಲ. ದಳದ ಮುಖ್ಯಸ್ಥ ಕೆಳಗೆ ಹಾರಿದವನೇ, “ಮೊದಲು ಪಂಪು ನಿಲ್ಸಿ” ಎಂದು ಗರ್ಜಿಸಿದ. ಪಂಪು ನಿಂತಿತು. “ಎಷ್ಟು ಬೇಗ ಬಂದ್ರು ನೋಡೋ,” ಎಂದರು ಅತ್ತೆ ಹನಿಗಣ್ಣಾಗಿ, “ಈ ಊರಲ್ಲಿ ಇನ್ನೂ ಕರುಣೆ ಇದೆ.”

ಮುಖ್ಯಸ್ಥ ಧಾವಿಸಿ ಬಂದ. “ಫೋನ್ ಮಾಡಿದ್ದು ನೀವೇನಮ್ಮಾ? ಎಲ್ಲಿದಾರೆ ತಾಯಿ?”

“ಅಲ್ಲಿ, ಜೊಂಡಿನ ಬುಡದಲ್ಲಿ. ಮಕ್ಕಳೂ ಅಲ್ಲೇ ಇದಾರೆ.”

“ಮಕ್ಕಳಿಗೆ ಎಷ್ಟು ವಯಸ್ಸು?”

“ಈಗಷ್ಟೇ ಕಣ್ಣು ಬಿಟ್ಟಿರ್ಬೇಕು ಕಣಪ್ಪ.”

ಅವನ ಮುಖದ ರಕ್ತವೆಲ್ಲ ಇಳಿಯಿತು. “ತಾಯಿ ಯಾವ ಬಣ್ಣದ ಬಟ್ಟೆ ಹಾಕಿದಾರೆ?”

“ಬಟ್ಟೆ ಯಾಕೆ ಹಾಕ್ತಾರೆ?” ಎಂದರು ಅತ್ತೆ.

ಆಗ ನನಗೆ ಎಲ್ಲವೂ ಹೊಳೆಯಿತು. ‘ಕೊಳದಲ್ಲಿ ಒಬ್ಬ ತಾಯಿ, ಇಬ್ಬರು ಮಕ್ಕಳು ಸಿಕ್ಕಿಹಾಕಿಕೊಂಡಿದ್ದಾರೆ’ ಎಂದು ಅತ್ತೆ ಫೋನಿನಲ್ಲಿ ಹೇಳಿರುತ್ತಾರೆ. ಅಂಥ ಮಾತನ್ನು ಕೇಳಿದ ಯಾವ ಕನ್ನಡಿಗ ತಾನೆ ಸುಮ್ಮನೆ ಕೂತಾನು? ‘ಒಂದು’, ‘ಎರಡು’ ಎಂದಿದ್ದರೆ ಫೋನನ್ನು ಕೆಳಗಿಡುತ್ತಿದ್ದರು. ‘ಒಬ್ಬರು’, ‘ಇಬ್ಬರು’ ಎಂದದ್ದಕ್ಕೆ ಇಡೀ ದಳವೇ ಎದ್ದು ಬಂದಿತ್ತು. ವ್ಯಾಕರಣದ ಮೇಷ್ಟರಾದ ನಾನು ಮುಖ್ಯಸ್ಥನಿಗೆ ವಿವರಿಸಲು ಮುಂದೆ ಹೋದೆ. ಅಷ್ಟರಲ್ಲಿ ರಬ್ಬರಿನ ಉಡುಪಿನ ಇಬ್ಬರು ಸೊಂಟದುದ್ದ ನೀರಿನಲ್ಲಿ ಜೊಂಡನ್ನು ಸರಿಸುತ್ತ ಒಳಗೆ ಹೋಗಿಯಾಗಿತ್ತು, ಮೇಲ್ವಿಚಾರಕರು ಏದುಸಿರು ಬಿಡುತ್ತ ಬಂದು ವಿಷಯ ಒಡೆದೂ ಆಗಿತ್ತು. “ನೀರುನಾಯಿನಾ?” ಎಂದ ಮುಖ್ಯಸ್ಥ. ಅವನ ದನಿ ಸಣ್ಣದಾಗಿತ್ತು, ಅದೇ ಹೆಚ್ಚು ಹೆದರಿಕೆ ಹುಟ್ಟಿಸಿತು. “ಇದೇ ಹೊತ್ತಲ್ಲಿ ಬೇರೆ ಕಡೆ ಬೆಂಕಿ ಬಿದ್ದಿದ್ರೆ? ಪ್ರಾಣಿ ಅಂತ ಯಾಕಮ್ಮಾ ಹೇಳ್ಲಿಲ್ಲ?” ತಮ್ಮ ಮಾತನ್ನು ಹಾಗೆ ಅರ್ಥ ಮಾಡಿಕೊಳ್ಳಬಹುದೆಂದು ಅತ್ತೆಗೆ ಕನಸಿನಲ್ಲಿಯೂ ತೋಚಿರಲಿಲ್ಲ. ಗಾಳಿಪಟಕ್ಕೂ ಟೋಪಿಗೂ ಕೆಂಪಾಗದ ಅವರ ಮುಖ ಈಗ ಕಿವಿಯವರೆಗೆ ಕೆಂಪಾಯಿತು. ಅವರನ್ನು ಆ ಸ್ಥಿತಿಯಲ್ಲಿ ನೋಡಲು ನನ್ನಿಂದ ಆಗಲಿಲ್ಲ, ಸಂಕಟವಾಯಿತು. ಕ್ಯಾಮೆರಾ ಗುಂಪಿನವರು ಕೂಡ ನಗಲಿಲ್ಲ.

“ಸಾರ್,” ಎಂಬ ದನಿ ಜೊಂಡಿನೊಳಗಿಂದ ಬಂತು. “ಸಾರ್, ಯಾರೂ ಅಲ್ಲಾಡ್ಬೇಡಿ.”

ಜೊಂಡು ಸೀಳಿತು. ಚಪ್ಪಟೆ ತಲೆ, ಒದ್ದೆ ಮೀಸೆ, ಎಣ್ಣೆ ಸವರಿದಂತೆ ಮಿರುಗುವ ಕಂದುಬೆನ್ನು. ಬಾಯಲ್ಲಿ, ಕತ್ತಿನ ತೊಗಲು ಹಿಡಿದು ಎತ್ತಿದ, ಕೈಚೀಲದಂತೆ ಜೋತುಬಿದ್ದ ಒಂದು ಮರಿ. ಅಷ್ಟು ಜನರ ಕಣ್ಣೆದುರಿಗೆ, ತೆರೆದ ನೀರಿನ ಮೇಲೆ, ತಾಯಿ ನೀರುನಾಯಿ ಕೊಳವನ್ನು ಅಡ್ಡಲಾಗಿ ದಾಟಿತು. ಅದರ ಹಿಂದೆ ನೀರು ಇಬ್ಭಾಗವಾಗಿ ಹೊಳೆಯುತ್ತ ಹೋಯಿತು. ಆಚೆ ದಡದ ಹಳೆಯ ದೋಣಿಮನೆಯ ಅಡಿಗೆ ಅದು ನುಸುಳಿ ಮರೆಯಾದಾಗ ಮುಖ್ಯಸ್ಥ ತಲೆಯ ಮೇಲಿನ ಹೆಲ್ಮೆಟ್ಟನ್ನು ಕೈಗೆ ತೆಗೆದುಕೊಂಡಿದ್ದ. ನಾನು ಪಕ್ಕದಲ್ಲಿದ್ದ ಅಪರಿಚಿತನ ತೋಳನ್ನು ಹಿಸುಕುತ್ತಿದ್ದೆ. ಮೇಲ್ವಿಚಾರಕರು ಅತ್ತೆಯ ಹತ್ತಿರ ಬಂದರು. “ಒಪ್ಪಿದೆ ಡಾಕ್ಟ್ರೇ. ಕಣ್ಣಾರೆ ಕಂಡೆ. ಆಚೆ ದಡ ನಾವು ಮುಟ್ಟಲ್ಲ. ಮರಿ ಅಂತೂ ಹೊರಗೆ ಬಂತಲ್ಲ, ಇನ್ನು ಈ ಕಡೆ ಕೆಲಸ ಶುರುಮಾಡ್ಬಹುದು.”

“ಇಬ್ಬರು” ಎಂದರು ಅತ್ತೆ.

“ಅಂದ್ರೆ?”

“ಇನ್ನೊಬ್ಬರು ಒಳಗಿದಾರೆ.”

ಜೊಂಡಿನಲ್ಲಿದ್ದವನನ್ನು ಕೂಗಿ ಕೇಳಿದರು. ಬಿಲದ ಬಾಯಿ ಕಾಣುತ್ತದೆ, ಒಳಗೆ ಕತ್ತಲು, ಏನೂ ಕಾಣುವುದಿಲ್ಲ ಎಂದ. ಎರಡನೆಯ ಮರಿಯನ್ನು ಲೋಕದಲ್ಲಿ ಕಂಡಿದ್ದವರು ಅತ್ತೆ ಒಬ್ಬರೇ. ಹೆಬ್ಬಾವನ್ನೂ ಹದ್ದನ್ನೂ ಕಂಡಿದ್ದ ಅದೇ ಅತ್ತೆ. ಎಲ್ಲರೂ ಮುಖ್ಯಸ್ಥನ ಮುಖ ನೋಡಿದರು. ಅವನು ಅತ್ತೆಯ ಮುಖ ನೋಡಿದ. ಆಮೇಲೆ ಕೈಯೆತ್ತಿ ಜೊಂಡಿನಲ್ಲಿದ್ದವರನ್ನು ಹೊರಗೆ ಕರೆದು, “ಕಾಯೋಣ” ಎಂದ. ಕಾದೆವು. ಎಷ್ಟು ಹೊತ್ತೋ ತಿಳಿಯದು. ನೀರು ಕನ್ನಡಿಯಂತೆ ನಿಶ್ಚಲವಾಯಿತು, ಯಂತ್ರದವನು ಕೆಳಗಿಳಿದು ಕೂತ, ಮೇಲ್ವಿಚಾರಕರು ಎರಡು ಸಲ ಗಡಿಯಾರ ನೋಡಿಕೊಂಡರು. ಎರಡನೆಯ ಮರಿ ಇರಲಿ, ಇರಲಿ ಎಂದು ನಾನು ಒಳಗೊಳಗೇ ಬೇಡುತ್ತಿದ್ದೆ. ಅತ್ತೆ ದುರ್ಬೀನನ್ನು ಕೂಡ ಎತ್ತಲಿಲ್ಲ. ದೋಣಿಮನೆಯ ಕಡೆಗೇ ನೋಡುತ್ತ ಕಲ್ಲಿನಂತೆ ನಿಂತಿದ್ದರು. ಆಗ ಆ ದಡದಿಂದ ಒಂದು ಗೆರೆ ಹೊರಟಿತು. ಬಂತು, ಬಂತು, ನಮ್ಮ ಕಾಲಬುಡದ ಜೊಂಡನ್ನು ಹೊಕ್ಕಿತು. ಮತ್ತೆ ಹೊರಬಂದಾಗ ಬಾಯಲ್ಲಿ ಇನ್ನೊಂದು ಮರಿಯಿತ್ತು, ಮೊದಲನೆಯದಕ್ಕಿಂತ ಚಿಕ್ಕದು, ಕಾಲು ಬಡಿಯುತ್ತ, ಸಿಳ್ಳು ಹಾಕುತ್ತ.

ಅತ್ತೆ ನನ್ನ ಭುಜಕ್ಕೆ ಹಣೆಯಿಟ್ಟು ಸದ್ದಿಲ್ಲದೆ ಅತ್ತರು. ನನ್ನ ಕಣ್ಣೂ ಒಣಗಿರಲಿಲ್ಲ.

ಇಂಥವರನ್ನು ನಾವು ಪೆದ್ದರೆಂದು, ಹುಚ್ಚರೆಂದು, ತೀರ ಪ್ರೀತಿ ಬಂದರೆ ಮುಗ್ಧರೆಂದು ಕರೆದು ಕೈತೊಳೆದುಕೊಳ್ಳುತ್ತೇವೆ. ಅವರು ಮುಗ್ಧರಲ್ಲ. ತಪ್ಪುವ ಭಯವನ್ನು ದಾಟಿದವರು ಅಷ್ಟೆ. ಮಿಕ್ಕ ನಾವು ಖಚಿತವಾದದ್ದನ್ನು ಮಾತ್ರ ನೋಡಬೇಕೆಂದು ನಿಶ್ಚಯಿಸಿಕೊಂಡು, ಮರ್ಯಾದೆಗೆ ಕುಂದಿಲ್ಲದಂತೆ, ಬೇಲಿಯ ಪಕ್ಕದಲ್ಲೇ ದಿನವೂ ಹಾದುಹೋಗಿ, ಏನನ್ನೂ ಕಾಣದೆ ಮನೆ ಸೇರುತ್ತೇವೆ. ಎಂದೋ ಒಂದು ಸಲ ಒಂದನ್ನು ಕಂಡರೆ ಅದೇ ದೊಡ್ಡದೆಂದು ಹೊರಟುನಿಲ್ಲುತ್ತೇವೆ. ಆ ಹೊತ್ತಿನಲ್ಲಿ ನಮ್ಮ ತೋಳು ಹಿಡಿದು, ನಿಲ್ಲು, ಒಳಗೆ ಇನ್ನೊಂದು ಜೀವವಿದೆ ಎನ್ನುವವರು ಊರಿಗೆ ಒಬ್ಬರಾದರೂ ಇರಬೇಕು.